ಸ್ಟೇಜ್‌ಗೆ ವೆಯ್ಟೆಡ್ ಕೀಬೋರ್ಡ್ ಆರಿಸುವಾಗ ಯಾವುದನ್ನು ಮೊದಲು ನೋಡಬೇಕು

"ಲೈವ್ ನುಡಿಸೋಕೆ ಯಾವ ವೆಯ್ಟೆಡ್ ಕೀಬೋರ್ಡ್ ತಗೊಳ್ಳಲಿ?" ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಜೊತೆಗೆ ಎರಡು ಮೂರು ಮಾಡೆಲ್‌ಗಳ ಹೆಸರು ಇರುತ್ತದೆ, ಇದರಲ್ಲಿ ಯಾವುದು ಒಳ್ಳೆಯದು ಅಂತ ಹೇಳಿಬಿಡಿ ಸಾಕು ಅನ್ನುತ್ತಾರೆ. ಆದರೆ ನೀವು ಏನು ನುಡಿಸುತ್ತೀರಿ, ಯಾರ ಜೊತೆ ನುಡಿಸುತ್ತೀರಿ, ವಾದ್ಯವನ್ನು ಹೇಗೆ ಸಾಗಿಸುತ್ತೀರಿ ಅನ್ನುವುದು ಗೊತ್ತಿಲ್ಲದೆ ಕೊಟ್ಟ ಉತ್ತರ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಆರಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಕ್ರಮದ ಹಿಂದೆ ಇರುವುದು ಒಂದೇ ವಿಚಾರ. ಕೊಂಡ ಮೇಲೆ ಬದಲಾಯಿಸಲು ಆಗದ ವಿಷಯಗಳನ್ನು ಮೊದಲು ತೀರ್ಮಾನಿಸಿ. ಕೀಗಳ ಸ್ಪರ್ಶ, ವಾದ್ಯದ ತೂಕ, ಉದ್ದ, ಹಿಂದುಗಡೆಯ ಸಾಕೆಟ್‌ಗಳು, ಇವು ಮೊದಲ ದಿನ ಹೇಗಿರುತ್ತವೋ ಕೊನೆಯವರೆಗೂ ಹಾಗೇ ಇರುತ್ತವೆ. ಸೌಂಡ್ ಹಾಗಲ್ಲ. ನಾಳೆ ಒಂದು ಲ್ಯಾಪ್‌ಟಾಪ್ ಅಥವಾ ಚಿಕ್ಕ ಸೌಂಡ್ ಮಾಡ್ಯೂಲ್ ಜೋಡಿಸಿದರೆ ಹೊಸ ಪಿಯಾನೊ, ಹೊಸ ಆರ್ಗನ್ ಸಿಗುತ್ತದೆ. ಆದರೂ ಹೆಚ್ಚಿನವರು ಇದನ್ನು ತಲೆಕೆಳಗೆ ಮಾಡುತ್ತಾರೆ. ಎಷ್ಟು ಸಾವಿರ ಟೋನ್ ಇದೆ ಅಂತ ಮೊದಲು ಕೇಳುತ್ತಾರೆ, ಕೀಗಳನ್ನು ಐದು ನಿಮಿಷ ಮುಟ್ಟಿ ನೋಡಿ ಮನೆಗೆ ತರುತ್ತಾರೆ.

ಮುಂದೆ ಹೋಗುವ ಮೊದಲು ಕೆಲವು ಪದಗಳು. ವೆಯ್ಟೆಡ್ ಅಂದರೆ ಕೀ ಒತ್ತಿದಾಗ ಪಿಯಾನೊದಂತೆ ಬೆರಳಿಗೆ ಭಾರ ತಿಳಿಯುವುದು. ಇದನ್ನು ಪೂರ್ತಿಯಾಗಿ ಮಾಡಿದ್ದರೆ ಹ್ಯಾಮರ್ ಆ್ಯಕ್ಷನ್ ಅನ್ನುತ್ತಾರೆ. ಪ್ರತಿ ಕೀಗೂ ಒಂದು ಚಿಕ್ಕ ಸುತ್ತಿಗೆಯಂಥ ತೂಕ ಜೋಡಿಸಿರುತ್ತಾರೆ, ಕೀ ಒತ್ತಿದಾಗ ಅದು ಎದ್ದು ಬೀಳುತ್ತದೆ. ಸೆಮಿ ವೆಯ್ಟೆಡ್‌ನಲ್ಲಿ ಸುತ್ತಿಗೆ ಇರುವುದಿಲ್ಲ, ಸ್ಪ್ರಿಂಗ್ ಜೊತೆ ಸ್ವಲ್ಪ ತೂಕ ಇರುತ್ತದೆ. ಸಿಂತ್ (ಸಿಂಥಸೈಜರ್) ಆ್ಯಕ್ಷನ್ ಅಂದರೆ ಬರೀ ಸ್ಪ್ರಿಂಗ್, ತುಂಬಾ ಹಗುರ. ಕೀಗಳು ಕೂತಿರುವ ಇಡೀ ಜೋಡಣೆಗೆ ಕೀಬೆಡ್ ಅಂತ ಹೆಸರು. ಇನ್ನು ಸ್ಟೇಜ್ ಪಿಯಾನೊ ಅಂದರೆ ಸಾಮಾನ್ಯವಾಗಿ ಸ್ಪೀಕರ್ ಇಲ್ಲದ, ಮಿಕ್ಸರ್‌ಗೆ ಜೋಡಿಸಿ ನುಡಿಸಲೆಂದೇ ಮಾಡಿದ ವಾದ್ಯ. ಮನೆಯ ಡಿಜಿಟಲ್ ಪಿಯಾನೊದಲ್ಲೂ ಇದೇ ಕೀಗಳಿರಬಹುದು, ಆದರೆ ಬಟನ್‌ಗಳು ಕಡಿಮೆ, ಔಟ್‌ಪುಟ್ ಒಮ್ಮೊಮ್ಮೆ ಹೆಡ್‌ಫೋನ್ ಸಾಕೆಟ್ ಮಾತ್ರ.

1. ಏನು ನುಡಿಸುತ್ತೀರಿ ಅಂತ ಬರೆದುಕೊಳ್ಳಿ

ನಿಜವಾಗಿ ಕಾಗದದ ಮೇಲೆ ಬರೆಯಿರಿ. ನೀವು ಈಗ ನುಡಿಸುತ್ತಿರುವ ಹಾಡುಗಳ ಪಟ್ಟಿ ಮಾಡಿ, ಪ್ರತಿ ಹಾಡಿನ ಮುಂದೆ ಯಾವ ಸೌಂಡ್ ಬೇಕು ಅಂತ ಹಾಕಿ. ಪಿಯಾನೊ, ಎಲೆಕ್ಟ್ರಿಕ್ ಪಿಯಾನೊ, ಆರ್ಗನ್, ಸ್ಟ್ರಿಂಗ್ಸ್, ಸಿಂತ್ ಲೀಡ್, ಹೀಗೆ. ಮುಗಿದ ಮೇಲೆ ಎಣಿಸಿ ನೋಡಿ.

ಅರ್ಧಕ್ಕಿಂತ ಜಾಸ್ತಿ ಪಿಯಾನೊ ಮತ್ತು ಎಲೆಕ್ಟ್ರಿಕ್ ಪಿಯಾನೊ ಇದ್ದರೆ ಹ್ಯಾಮರ್ ಆ್ಯಕ್ಷನ್ ನಿಮಗೆ ಬೇಕೇ ಬೇಕು. ಹೆಚ್ಚು ಆರ್ಗನ್ ಮತ್ತು ಸಿಂತ್ ಇದ್ದರೆ ಸ್ವಲ್ಪ ನಿಲ್ಲಿ. ಆರ್ಗನ್ ನುಡಿಸುವವರು ಅಂಗೈಯನ್ನು ಕೀಗಳ ಮೇಲೆ ಉಜ್ಜುತ್ತಾ ಹೋಗುತ್ತಾರೆ, ಒಂದೇ ಸ್ವರವನ್ನು ಬಹಳ ವೇಗವಾಗಿ ಮತ್ತೆ ಮತ್ತೆ ಒತ್ತುತ್ತಾರೆ. ಹ್ಯಾಮರ್ ಕೀಗಳ ಮೇಲೆ ಇದನ್ನು ಮಾಡಿದರೆ ಕೈ ನೋಯುತ್ತದೆ, ಕೀಗಳ ತುದಿ ಅಂಗೈಗೆ ತಾಗುತ್ತದೆ, ಸ್ವರಗಳೂ ತಪ್ಪಿಹೋಗುತ್ತವೆ. ಅಂಥವರಿಗೆ ಅಂಚು ದುಂಡಗಿರುವ ವಾಟರ್‌ಫಾಲ್ ಕೀಗಳಿರುವ ಸೆಮಿ ವೆಯ್ಟೆಡ್ ವಾದ್ಯ ಸರಿ. ತಯಾರಕರಿಗೂ ಇದು ಗೊತ್ತು, ಅದಕ್ಕೇ ಯಮಹಾ ವೈಸಿ ಸರಣಿಯಲ್ಲಿ 88 ಮತ್ತು 73 ಕೀಗಳ ಮಾಡೆಲ್‌ಗೆ ಹ್ಯಾಮರ್ ಆ್ಯಕ್ಷನ್ ಇದ್ದರೆ ವೈಸಿ61ಕ್ಕೆ ಸೆಮಿ ವೆಯ್ಟೆಡ್ ವಾಟರ್‌ಫಾಲ್ ಕೀಗಳಿವೆ. ನಾರ್ಡ್ ಸ್ಟೇಜ್ 4ರಲ್ಲೂ ಕಾಂಪ್ಯಾಕ್ಟ್ ಅನ್ನುವ ರೂಪಕ್ಕೆ ಹಾಗೆಯೇ ಮಾಡಿದ್ದಾರೆ.

ಎರಡೂ ಸಮಸಮ ಇದ್ದರೆ? ಕೆಳಗೆ ವೆಯ್ಟೆಡ್, ಮೇಲೆ ಒಂದು ಹಗುರವಾದ 61 ಕೀಗಳ ವಾದ್ಯ ಇಟ್ಟುಕೊಳ್ಳುವುದು ನನ್ನ ಪ್ರಕಾರ ಒಂದೇ ವಾದ್ಯದಲ್ಲಿ ಎಲ್ಲವನ್ನೂ ಹುಡುಕುವುದಕ್ಕಿಂತ ಒಳ್ಳೆಯದು. ಒಂದೇ ಕೀಬೆಡ್ ಪಿಯಾನೊಗೂ ಆರ್ಗನ್‌ಗೂ ಪೂರ್ತಿ ಹಿತವಾಗುವುದು ಆಗದ ಮಾತು.

2. ಎಷ್ಟು ಕೀ ಬೇಕು

ಪೂರ್ತಿ ಪಿಯಾನೊಗೆ 88 ಕೀ. ವೆಯ್ಟೆಡ್ ವಾದ್ಯಗಳು 73 ಮತ್ತು 76 ಕೀಗಳಲ್ಲೂ ಸಿಗುತ್ತವೆ. ಒಬ್ಬರೇ ಕೂತು ಪಿಯಾನೊ ನುಡಿಸುವವರು, ಬರೆದ ಪಾಠವನ್ನು ಹಾಗೇ ನುಡಿಸುವವರು 88 ತಗೊಳ್ಳಿ, ಯೋಚನೆಯೇ ಬೇಡ. ಬ್ಯಾಂಡ್‌ನಲ್ಲಿ ನುಡಿಸುವವರಿಗೆ ಮಾತ್ರ ವಿಷಯ ಬೇರೆ. ಬೇಸ್ ಗಿಟಾರ್ ಇರುವ ಕಡೆ ನೀವು ಎಡಗೈಯಲ್ಲಿ ಕೆಳಗಿನ ಒಂದೂವರೆ ಆಕ್ಟೇವ್ (ಒಂದು ಆಕ್ಟೇವ್ ಅಂದರೆ 12 ಕೀ) ನುಡಿಸಿದರೆ ಎರಡೂ ಕಲಸಿಕೊಂಡು ಸದ್ದು ಮಂಕಾಗುತ್ತದೆ, ಆ ಕೀಗಳನ್ನು ನೀವು ಮುಟ್ಟದಿರುವುದೇ ಒಳ್ಳೆಯದು. ಅಂಥವರಿಗೆ 73 ಸಾಕಾಗುತ್ತದೆ.

ಸಾಕಾಗದೇ ಇರುವುದು ಸ್ಪ್ಲಿಟ್ ಮಾಡಿದಾಗ. ಸ್ಪ್ಲಿಟ್ ಅಂದರೆ ಕೀಬೋರ್ಡನ್ನು ಭಾಗ ಮಾಡಿ ಎಡಗೈಗೆ ಒಂದು ಸೌಂಡ್, ಬಲಗೈಗೆ ಇನ್ನೊಂದು ಸೌಂಡ್ ಕೊಡುವುದು. 73 ಕೀಗಳನ್ನು ಎರಡು ಮಾಡಿದರೆ ಒಂದೊಂದು ಕೈಗೆ ಮೂರು ಆಕ್ಟೇವ್, ಮೂರು ಭಾಗ ಮಾಡಿದರೆ ಎರಡೇ ಆಕ್ಟೇವ್. ನಿಮ್ಮ ಪಟ್ಟಿಯಲ್ಲಿ ಇಂಥ ಹಾಡುಗಳು ಎಷ್ಟಿವೆ ನೋಡಿ.

ಇನ್ನೊಂದು ಎಚ್ಚರಿಕೆ. ಚಿಕ್ಕ ಮಾಡೆಲ್ ಅಂದರೆ ದೊಡ್ಡದನ್ನು ಕತ್ತರಿಸಿದ್ದು ಅಂತ ತಿಳಿಯಬೇಡಿ, ಕೀಬೆಡ್‌ ಕೂಡ ಬೇರೆ ಇರಬಹುದು. ಯಮಹಾ ಸಿಪಿ88ರಲ್ಲಿ ಬಿಳಿ ಕೀಗಳು ಮರದವು, ಎಡಕ್ಕೆ ಹೋದಂತೆ ಭಾರ ಏರುತ್ತದೆ. ಅದೇ ಸರಣಿಯ ಸಿಪಿ73ರಲ್ಲಿ ಮರ ಇಲ್ಲ, ಎಲ್ಲ ಕಡೆ ಭಾರ ಒಂದೇ. ಎರಡನ್ನೂ ಇಷ್ಟಪಡುವವರಿದ್ದಾರೆ, ಆದರೆ ಒಂದನ್ನು ನುಡಿಸಿ ನೋಡಿ ಇನ್ನೊಂದನ್ನು ತರಿಸಿಕೊಳ್ಳಬೇಡಿ.

3. ಕೀಗಳ ಸ್ಪರ್ಶ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದಲ್ಲಿ ಅರ್ಧ ಸಮಯ ಇದಕ್ಕೇ ಕೊಟ್ಟರೂ ತಪ್ಪಿಲ್ಲ.

ಮೊದಲು ಭಾರ. ನಿಜವಾದ ಪಿಯಾನೊದಲ್ಲಿ ನಡುವಿನ ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ತೂಕ ಬೇಕು, ಕೀ ಸುಮಾರು 10 ಮಿಲಿಮೀಟರ್ ಇಳಿಯುತ್ತದೆ. ವೆಯ್ಟೆಡ್ ಕೀಬೋರ್ಡ್‌ಗಳು ಇದರ ಆಸುಪಾಸಿನಲ್ಲೇ ಇರುತ್ತವೆ, ಆದರೆ ಕೆಲವು ಇದಕ್ಕಿಂತ ಗಟ್ಟಿ. ಜಾಸ್ತಿ ಭಾರ ಇದ್ದಷ್ಟೂ ನಿಜವಾದ ಪಿಯಾನೊಗೆ ಹತ್ತಿರ ಅನ್ನುವ ನಂಬಿಕೆ ಬಹಳ ಜನರಿಗಿದೆ, ಅದು ತಪ್ಪು. ಒಳ್ಳೆಯ ಗ್ರ್ಯಾಂಡ್ ಪಿಯಾನೊ ಬೆರಳಿಗೆ ಹಗುರವಾಗಿ ಮಾತು ಕೇಳುತ್ತದೆ. ಸ್ಟೇಜ್ ಮೇಲೆ ಎರಡು ಗಂಟೆ ನುಡಿಸುವವರಿಗೆ ಅಗತ್ಯಕ್ಕಿಂತ ಭಾರವಾದ ಕೀಗಳು ಮಣಿಕಟ್ಟಿಗೆ, ಮುಂಗೈಗೆ ನೋವು ತರುತ್ತವೆ. ಡ್ರಮ್ಸ್ ಪಕ್ಕದಲ್ಲಿ ನಿಂತಾಗ ಎಲ್ಲರೂ ಮನೆಗಿಂತ ಜೋರಾಗಿ ಒತ್ತುತ್ತಾರೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಗ್ರೇಡೆಡ್ ಅನ್ನುವ ಪದ ನೋಡುತ್ತೀರಿ. ಎಡಗಡೆ ಕೀಗಳು ಭಾರ, ಬಲಗಡೆ ಹೋದಂತೆ ಹಗುರ ಅಂತ ಅರ್ಥ. ಪಿಯಾನೊ ಸೌಂಡ್‌ಗೆ ಇದು ಸಹಜವಾಗಿ ಹೊಂದುತ್ತದೆ. ಸ್ಪ್ಲಿಟ್ ಮಾಡಿ ಎಡಗೈಯಲ್ಲಿ ಬೇಸ್ ನುಡಿಸುವವರಿಗೆ ಒಂದೇ ಭಾರ ಇರುವುದು ಅನುಕೂಲ.

ಆಮೇಲೆ ಪಿವಟ್. ಕೀ ಒಳಗಡೆ ಎಲ್ಲಿ ಆನಿಕೊಂಡು ತಿರುಗುತ್ತದೋ ಆ ಜಾಗಕ್ಕೆ ಪಿವಟ್ ಅನ್ನುತ್ತಾರೆ. ಅದು ತುಂಬಾ ಮುಂದೆ ಇದ್ದರೆ ಕೀಯ ಹೊರತುದಿಯಲ್ಲಿ ಒತ್ತುವುದು ಸುಲಭ, ಒಳಗಡೆ ಕಪ್ಪು ಕೀಗಳ ನಡುವೆ ಬೆರಳಿಟ್ಟು ಒತ್ತುವುದು ಬಹಳ ಕಷ್ಟ. ಅಂಗಡಿಯಲ್ಲಿ ಸಿ ಮೇಜರ್, ಅಂದರೆ ಬರೀ ಬಿಳಿ ಕೀಗಳನ್ನು ನುಡಿಸಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಗಾಯಕರು ಎ ಫ್ಲಾಟ್‌ಗೋ ಡಿ ಫ್ಲಾಟ್‌ಗೋ ಹೋದ ದಿನ ಗೊತ್ತಾಗುತ್ತದೆ. ಒಂದು ಬಿಳಿ ಕೀಯನ್ನು ತುದಿಯಲ್ಲಿ ಒತ್ತಿ, ಆಮೇಲೆ ಕಪ್ಪು ಕೀಗಳ ಬುಡದ ಹತ್ತಿರ ಒತ್ತಿ. ವ್ಯತ್ಯಾಸ ಸ್ವಲ್ಪ ಇದ್ದೇ ಇರುತ್ತದೆ. ಒಳಗಡೆ ಮೆಲ್ಲಗೆ ಒತ್ತಿದಾಗ ಸ್ವರವೇ ಬರದಿದ್ದರೆ ಆ ವಾದ್ಯ ಬಿಡಿ.

ಸೆನ್ಸರ್‌ಗಳ ವಿಷಯ ಬೇಗ ಮುಗಿಸೋಣ. ಪ್ರತಿ ಕೀಯ ಕೆಳಗೆ ಎರಡು ಅಥವಾ ಮೂರು ಸೆನ್ಸರ್ ಇರುತ್ತವೆ, ಅವು ಕೀ ಎಷ್ಟು ವೇಗವಾಗಿ ಇಳಿಯಿತು ಅಂತ ಅಳೆಯುತ್ತವೆ. ಮೂರು ಇದ್ದರೆ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ವೇಗದ ಸ್ವರ ಪುನರಾವರ್ತನೆ ನಿಮ್ಮ ಸಂಗೀತದಲ್ಲಿದ್ದರೆ ಇದು ಮುಖ್ಯ. ಪರೀಕ್ಷೆ ಸುಲಭ, ಒಂದೇ ಕೀಯನ್ನು ಮೂರು ಬೆರಳು ಬದಲಾಯಿಸುತ್ತಾ ಎಷ್ಟು ವೇಗವಾಗಿ ಆಗುತ್ತೋ ಅಷ್ಟು ವೇಗವಾಗಿ ನುಡಿಸಿ, ಸ್ವರ ತಪ್ಪುತ್ತಾ ನೋಡಿ.

ಸ್ಪರ್ಶ ಚೆನ್ನಾಗಿದ್ದರೂ ಸೌಂಡ್ ಬೆರಳಿಗೆ ಹೊಂದುತ್ತಿಲ್ಲ ಅನ್ನಿಸಿದರೆ ವಾದ್ಯವನ್ನು ತಕ್ಷಣ ತಳ್ಳಿಹಾಕಬೇಡಿ. ವೆಲಾಸಿಟಿ ಕರ್ವ್ ಅಥವಾ ಟಚ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಎಷ್ಟು ಜೋರಾಗಿ ಒತ್ತಿದರೆ ಎಷ್ಟು ದೊಡ್ಡ ಸದ್ದು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಮಿಡಿಯಲ್ಲಿ, ಅಂದರೆ 1983ರಿಂದ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡಲು ಬಳಸುತ್ತಿರುವ ವ್ಯವಸ್ಥೆಯಲ್ಲಿ, ಈ ಜೋರು 1ರಿಂದ 127ರವರೆಗಿನ ಒಂದು ಅಂಕಿ. ನಿಮ್ಮ ಅತಿ ಮೆಲುವಾದ ಒತ್ತಿಗೆ ಚಿಕ್ಕ ಅಂಕಿ, ಅತಿ ಜೋರಿಗೆ 127ರ ಹತ್ತಿರ ಬರಬೇಕು. ಎಷ್ಟು ಗುದ್ದಿದರೂ 100 ದಾಟುತ್ತಿಲ್ಲ ಅಂದರೆ ಕರ್ವ್ ಹಗುರ ಮಾಡಿ ಮತ್ತೆ ನೋಡಿ. ಕರ್ವ್‌ನಿಂದ ಸದ್ದು ಸರಿಹೋಗುತ್ತದೆ, ಕೀಯ ಭಾರ ಮಾತ್ರ ಹಾಗೇ ಇರುತ್ತದೆ, ಇದು ನೆನಪಿರಲಿ.

ಒಂದು ಉಪಯುಕ್ತ ವಿಷಯ. ಎಷ್ಟೋ ಕಂಪನಿಗಳು ಕೀಬೆಡ್ ತಾವೇ ಮಾಡುವುದಿಲ್ಲ, ಇಟಲಿಯ ಫಟಾರ್ ಕಂಪನಿಯಿಂದ ತರಿಸುತ್ತವೆ. ಸ್ಟುಡಿಯೊಲಾಜಿಕ್ ಅನ್ನುವುದು ಫಟಾರ್‌ನದೇ ಬ್ರ್ಯಾಂಡ್. ಒಂದೇ ಕಂಪನಿಯೊಳಗೂ ಒಂದೇ ಕೀಬೆಡ್ ಬೇರೆ ಬೇರೆ ವಾದ್ಯಗಳಲ್ಲಿ ಇರುತ್ತದೆ. ರೋಲ್ಯಾಂಡ್ ಎಫ್‌ಪಿ-30ಎಕ್ಸ್ ಮನೆಗೆಂದು ಮಾಡಿದ ಪಿಯಾನೊ, ಆರ್‌ಡಿ-88 ಸ್ಟೇಜ್‌ಗೆ, ಎರಡರಲ್ಲೂ ಪಿಎಚ್‌ಎ-4 ಸ್ಟ್ಯಾಂಡರ್ಡ್ ಕೀಗಳೇ. ಆದ್ದರಿಂದ ನಿಮಗೆ ಬೇಕಾದ ಮಾಡೆಲ್ ಹತ್ತಿರದಲ್ಲಿ ಎಲ್ಲೂ ನುಡಿಸಲು ಸಿಗದಿದ್ದರೆ, ಅದರ ಕೀಬೆಡ್ ಹೆಸರು ಹುಡುಕಿ, ಅದೇ ಕೀಬೆಡ್ ಇರುವ ಇನ್ನೊಂದು ವಾದ್ಯದ ಮೇಲೆ ಕೈಯಾಡಿಸಿ ಬನ್ನಿ. ಸೌಂಡ್ ಬೇರೆ ಇರುವುದರಿಂದ ಅನುಭವ ಪೂರ್ತಿ ಒಂದೇ ಇರುವುದಿಲ್ಲ, ಆದರೆ ಬೆರಳಿಗೆ ತಿಳಿಯಬೇಕಾದ್ದು ತಿಳಿಯುತ್ತದೆ.

4. ತೂಕ ಮತ್ತು ಸಾಗಾಟ

ಹ್ಯಾಮರ್ ಇದ್ದ ಮೇಲೆ ತೂಕ ಇದ್ದೇ ಇರುತ್ತದೆ. ಅಂದಾಜಿಗೆ ಹೇಳುತ್ತೇನೆ: ಸಿಪಿ73 ಸುಮಾರು 13 ಕೆಜಿ, ಆರ್‌ಡಿ-88 ಹದಿಮೂರೂವರೆ, ಸಿಪಿ88 ಹದಿನೆಂಟೂವರೆ. ಕವಾಯ್ ಎಂಪಿ11ಎಸ್‌ಇಯ ಮರದ ಕೀಗಳು ಬಹಳ ಚೆನ್ನಾಗಿವೆ, ಆದರೆ ಅದು 32 ಕೆಜಿ ದಾಟುತ್ತದೆ. ಇದಕ್ಕೆ ಬ್ಯಾಗ್, ಸ್ಟ್ಯಾಂಡ್, ಪೆಡಲ್, ವೈರ್‌ಗಳ ತೂಕ ಸೇರಿಸಿ. ಗಟ್ಟಿ ಫ್ಲೈಟ್ ಕೇಸ್‌ಗೆ ಹಾಕಿದರೆ ಕೇಸ್‌ನದೇ ತೂಕ ವಾದ್ಯದಷ್ಟು ಆಗಬಹುದು.

ನೀವು ಒಬ್ಬರೇ ಸಾಗಿಸುವವರಾದರೆ 15 ಕೆಜಿಯ ಒಳಗೆ ಇರಿ ಅನ್ನುವುದು ನನ್ನ ಸಲಹೆ. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿ ಪರವಾಗಿಲ್ಲ ಅನ್ನಿಸುವುದು ಬೇರೆ, ರಾತ್ರಿ ಕಾರ್ಯಕ್ರಮ ಮುಗಿಸಿ ಸುಸ್ತಾದ ಮೇಲೆ ಮೆಟ್ಟಿಲು ಇಳಿಸುವುದು ಬೇರೆ. ಬೆನ್ನು ಹಿಡಿದುಕೊಂಡು ವಾರಗಟ್ಟಲೆ ನುಡಿಸಲಾಗದೆ ಕೂತವರು ನನಗೆ ಗೊತ್ತು. ಸಾಗಿಸಲು ಜನ ಇದ್ದರೆ, ಅಥವಾ ವಾದ್ಯ ಒಂದೇ ಕಡೆ ಇರುವುದಾದರೆ ಭಾರದ್ದನ್ನೇ ಆರಿಸಿ, ಒಳ್ಳೆಯ ಕೀಬೆಡ್‌ಗಳು ಸಾಮಾನ್ಯವಾಗಿ ಭಾರದ ವಾದ್ಯಗಳಲ್ಲೇ ಇರುತ್ತವೆ.

ಉದ್ದವನ್ನೂ ಅಳೆಯಿರಿ. ಕೀಗಳೇ ಸುಮಾರು 122 ಸೆಂಟಿಮೀಟರ್, 88 ಕೀಗಳ ವಾದ್ಯ ಎಷ್ಟೇ ಚಿಕ್ಕದಾಗಿ ಮಾಡಿದರೂ ಅದಕ್ಕಿಂತ ಉದ್ದ. ಪಿಚ್ ವೀಲ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ) ಕೀಗಳ ಎಡಕ್ಕಿದ್ದರೆ ಇನ್ನೂ ಉದ್ದ, ಮೇಲೆ ಇದ್ದರೆ ಸ್ವಲ್ಪ ಉಳಿಯುತ್ತದೆ. ಬ್ಯಾಗ್ ಸಮೇತ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಹಿಡಿಸುತ್ತಾ ಅಂತ ಟೇಪ್ ಹಿಡಿದು ನೋಡಿ. ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು: ಹಲವು ವಿಮಾನ ಸಂಸ್ಥೆಗಳು 32 ಕೆಜಿ ಮೀರಿದ ಒಂದೇ ಲಗೇಜನ್ನು ಮಾಮೂಲಿ ಸಾಮಾನಿನ ಜೊತೆ ಒಪ್ಪುವುದಿಲ್ಲ, ಕೇಸ್ ಸೇರಿಸಿ ತೂಗಿ ನೋಡಿ.

5. ಹಿಂದುಗಡೆ ತಿರುಗಿಸಿ ನೋಡಿ

ಅಂಗಡಿಯಲ್ಲಿ ಯಾರೂ ನೋಡದ ಜಾಗ ಇದು. ಸ್ಟೇಜ್ ಮೇಲೆ ತೊಂದರೆ ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಔಟ್‌ಪುಟ್. ಎಡ ಮತ್ತು ಬಲ ಅಂತ ಎರಡು ದೊಡ್ಡ ಜ್ಯಾಕ್ ಸಾಕೆಟ್ ಇರಲೇಬೇಕು. ಬರೀ ಹೆಡ್‌ಫೋನ್ ಸಾಕೆಟ್ ಇರುವುದರಿಂದಲೂ ಕೆಲಸ ನಡೆಸಬಹುದು, ಆದರೆ ಚಿಕ್ಕ ಪಿನ್ ಯಾರೋ ಎಡವಿದಾಗ ಕಳಚಿಕೊಳ್ಳುತ್ತದೆ. ಕೆಲವು ವಾದ್ಯಗಳಲ್ಲಿ ಎಕ್ಸ್‌ಎಲ್‌ಆರ್ ಔಟ್‌ಪುಟ್ ಕೂಡ ಇರುತ್ತದೆ, ಅಂದರೆ ಮೈಕಿಗೆ ಹಾಕುವಂಥ ಮೂರು ಪಿನ್ನಿನ ಸಾಕೆಟ್. ಸಿಪಿ88ರಲ್ಲಿ ಇದೆ. ಇದು ಬ್ಯಾಲೆನ್ಸ್ಡ್, ಉದ್ದ ವೈರ್ ಎಳೆದರೂ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುವುದು ಕಡಿಮೆ. ಇಲ್ಲದಿದ್ದರೆ ಡಿಐ ಬಾಕ್ಸ್ ಬೇಕು. ಇದು ಕೀಬೋರ್ಡಿನ ಮಾಮೂಲಿ ಔಟ್‌ಪುಟ್‌ಅನ್ನು ಬ್ಯಾಲೆನ್ಸ್ಡ್ ಮಾಡಿ ಮಿಕ್ಸರ್‌ಗೆ ಕಳಿಸುವ ಚಿಕ್ಕ ಡಬ್ಬಿ. ಕೀಬೋರ್ಡ್‌ಗೆ ಬ್ಯಾಟರಿ ಬೇಡದ ಪ್ಯಾಸಿವ್ ಡಿಐ ಸಾಕು. ಎರಡು ಚಾನಲ್ ಇರುವುದನ್ನು ತಗೊಳ್ಳಿ, ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಇದೆಯಾ ನೋಡಿ. ಎಲ್ಲವೂ ಸರಿ ಇದ್ದೂ ಗುಂಯ್ಗುಡುತ್ತಿದ್ದರೆ ಆ ಸ್ವಿಚ್ ಒತ್ತಿದ ಕೂಡಲೇ ಎಷ್ಟೋ ಸಲ ನಿಂತುಹೋಗುತ್ತದೆ. ಗುಂಯ್ ನಿಲ್ಲಿಸಲು ಪವರ್ ಪ್ಲಗ್ಗಿನ ಅರ್ತ್ ಪಿನ್ ತೆಗೆಯುವ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ, ಪ್ರಾಣಕ್ಕೆ ಅಪಾಯ.

ಬಹಳ ಕಡೆ ಸೌಂಡ್ ಇಂಜಿನಿಯರ್ ನಿಮಗೆ ಒಂದೇ ಚಾನಲ್ ಕೊಡುತ್ತಾರೆ. ಆಗ ಎಲ್/ಮೊನೊ ಅಂತ ಬರೆದಿರುವ ಸಾಕೆಟ್‌ಗೆ ಮಾತ್ರ ವೈರ್ ಹಾಕಿ, ಬಲಗಡೆಯದು ಖಾಲಿ ಬಿಡಿ. ಹಾಗೆ ಮಾಡಿದರೆ ಎರಡೂ ಕಡೆಯ ಸದ್ದು ಒಂದರಲ್ಲೇ ಬರುತ್ತದೆ. ಕೆಲವು ಸ್ಟೀರಿಯೊ ಪಿಯಾನೊ ಸೌಂಡ್‌ಗಳು ಹೀಗೆ ಕೂಡಿಸಿದಾಗ ಟೊಳ್ಳು ಟೊಳ್ಳಾಗಿ ಕೇಳುತ್ತವೆ. ಕೊಳ್ಳುವ ಮೊದಲೇ ಮೊನೊದಲ್ಲಿ ಕೇಳಿ ನೋಡಿ. ಮೊನೊ ಪಿಯಾನೊ ಅಂತ ಬೇರೆ ಸೌಂಡ್ ಕೊಟ್ಟಿದ್ದರೆ ಅದು ದೊಡ್ಡ ಅನುಕೂಲ.

ಪೆಡಲ್. ಸಸ್ಟೇನ್, ಅಂದರೆ ಕೀ ಬಿಟ್ಟ ಮೇಲೂ ಸ್ವರ ಹಿಡಿದಿಡುವ ಪೆಡಲಿನ ಸಾಕೆಟ್ ಎಲ್ಲದರಲ್ಲೂ ಇದೆ. ಹಾಫ್ ಪೆಡಲ್ ಗುರುತಿಸುತ್ತಾ ಕೇಳಿ, ಅಂದರೆ ಪೆಡಲನ್ನು ಅರ್ಧ ಒತ್ತಿದರೆ ಸ್ವರ ಅರ್ಧ ಹಿಡಿಯುವುದು. ಎರಡನೆಯದು ಎಕ್ಸ್‌ಪ್ರೆಶನ್ ಪೆಡಲ್, ಕಾಲಿನಲ್ಲಿ ಸದ್ದು ಏರಿಸಿ ಇಳಿಸುವುದಕ್ಕೆ. ಸ್ಟ್ರಿಂಗ್ಸ್ ಅಥವಾ ಆರ್ಗನ್ ನುಡಿಸುವವರಿಗೆ ಇದು ಇಲ್ಲದೆ ಆಗುವುದಿಲ್ಲ.

ಪೆಡಲ್ ವಿಷಯದಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಒಂದು ಕಂಪನಿಯ ಪೆಡಲ್ ಇನ್ನೊಂದು ಕಂಪನಿಯ ಕೀಬೋರ್ಡ್‌ಗೆ ಹಾಕಿದರೆ ಉಲ್ಟಾ ಕೆಲಸ ಮಾಡಬಹುದು. ಕಾಲು ತೆಗೆದಾಗ ಸ್ವರ ಹಿಡಿಯುತ್ತದೆ, ಒತ್ತಿದಾಗ ನಿಲ್ಲುತ್ತದೆ. ಪೆಡಲ್ ಕೆಟ್ಟಿಲ್ಲ, ಅದರ ಪೊಲಾರಿಟಿ ಬೇರೆ ಅಷ್ಟೇ. ಕೆಲವು ಪೆಡಲ್‌ಗಳ ಕೆಳಗೆ ಇದಕ್ಕೊಂದು ಸ್ವಿಚ್ ಇರುತ್ತದೆ, ಕೆಲವು ಕೀಬೋರ್ಡ್‌ಗಳಲ್ಲಿ ಸೆಟ್ಟಿಂಗ್ ಇರುತ್ತದೆ. ಇನ್ನು ಹಲವು ಕೀಬೋರ್ಡ್‌ಗಳು ಆನ್ ಆಗುವಾಗ ಪೆಡಲ್ ಹೇಗಿದೆ ಅಂತ ತಾವೇ ನೋಡಿಕೊಳ್ಳುತ್ತವೆ. ಆದ್ದರಿಂದ ಪೆಡಲ್ ಮೊದಲು ಜೋಡಿಸಿ, ಆಮೇಲೆ ಆನ್ ಮಾಡಿ, ಆನ್ ಮಾಡುವಾಗ ಪೆಡಲ್ ಮೇಲೆ ಕಾಲು ಇಡಬೇಡಿ. ಎಕ್ಸ್‌ಪ್ರೆಶನ್ ಪೆಡಲ್‌ಗಳಲ್ಲೂ ಒಳಗಿನ ವೈರಿಂಗ್ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ವಾದ್ಯದ ಕೈಪಿಡಿಯಲ್ಲಿ ಹೇಳಿರುವುದನ್ನೇ ಕೊಳ್ಳಿ.

ಪವರ್. ವೈರ್ ನೇರ ವಾದ್ಯಕ್ಕೆ ಹೋಗುತ್ತಾ, ಅಡಾಪ್ಟರ್ ಬೇಕಾ? ಅಡಾಪ್ಟರ್ ಇದ್ದರೆ ಅದೇ ವೋಲ್ಟೇಜ್, ಅದೇ ಪೊಲಾರಿಟಿ, ಕಡಿಮೆ ಇಲ್ಲದ ಆಂಪಿಯರ್ ಇರುವ ಇನ್ನೊಂದನ್ನು ಯಾವಾಗಲೂ ಬ್ಯಾಗಿನಲ್ಲಿಡಿ. ಪಿನ್ ಎಳೆದರೆ ಕಳಚಿಕೊಳ್ಳದಂತೆ ವೈರ್ ಸಿಕ್ಕಿಸುವ ಕೊಕ್ಕೆ ವಾದ್ಯದಲ್ಲಿದೆಯಾ ನೋಡಿ.

6. ಸೌಂಡ್ ಮತ್ತು ಅದನ್ನು ಬದಲಾಯಿಸುವ ರೀತಿ

ಈಗ ಸೌಂಡ್ ಕೇಳಿ. ಒಂಟಿಯಾಗಿ ಹೆಡ್‌ಫೋನ್‌ನಲ್ಲಿ ಕೇಳಿದಾಗ ಅಗಲವಾಗಿ, ಆಳವಾಗಿ, ಮರದ ಸದ್ದು ಸಮೇತ ಕೇಳುವ ಪಿಯಾನೊ ಮನಸ್ಸು ಸೆಳೆಯುತ್ತದೆ. ಅದೇ ಪಿಯಾನೊ ಎರಡು ಗಿಟಾರ್, ಡ್ರಮ್ಸ್, ಬೇಸ್ ಮಧ್ಯೆ ಕಾಣೆಯಾಗುತ್ತದೆ. ಬ್ಯಾಂಡ್‌ನಲ್ಲಿ ಕೇಳಿಸುವುದು ಸ್ವಲ್ಪ ತೆಳ್ಳಗಿನ, ಹೊಳಪಿನ ಪಿಯಾನೊ. ಆದ್ದರಿಂದ ಫೋನಿನಲ್ಲಿ ನಿಮ್ಮ ಬ್ಯಾಂಡಿನ ಹಾಡೊಂದನ್ನು ಹಾಕಿ, ಅದರ ಜೊತೆ ನುಡಿಸುತ್ತಾ ಆರಿಸಿ. ಸುಮ್ನೆ ಒಂಟಿಯಾಗಿ ಕೇಳಿ ತೀರ್ಮಾನ ಮಾಡಬೇಡಿ.

ಪಾಲಿಫೋನಿ ಅಂದರೆ ಒಂದೇ ಸಲ ಎಷ್ಟು ಸ್ವರ ಬಾಳಬಲ್ಲವು ಅನ್ನುವ ಸಂಖ್ಯೆ. ಹತ್ತು ಬೆರಳಿಗೆ 128 ಯಾಕೆ ಅಂತ ಕೇಳಬಹುದು. ಪೆಡಲ್ ಒತ್ತಿ ಹಿಡಿದಾಗ ಹಳೆಯ ಸ್ವರಗಳು ಬದುಕಿರುತ್ತವೆ, ಸ್ಟೀರಿಯೊ ಸೌಂಡ್ ಒಂದು ಸ್ವರಕ್ಕೆ ಎರಡು ಜಾಗ ತಿನ್ನಬಹುದು, ಮೇಲೆ ಸ್ಟ್ರಿಂಗ್ಸ್ ಲೇಯರ್ ಹಾಕಿದರೆ ಇನ್ನೂ ಬೇಕು. ಲೇಯರ್ ಅಂದರೆ ಒಂದು ಕೀಗೆ ಎರಡು ಸೌಂಡ್ ಒಟ್ಟಿಗೆ. ಹೆಚ್ಚಿನ ಕೆಲಸಕ್ಕೆ 128 ಸಾಕು.

ಸಂಖ್ಯೆಗಳಿಗಿಂತ ಮುಖ್ಯವಾದದ್ದು ಕತ್ತಲಲ್ಲಿ, ಹಾಡಿನ ಮಧ್ಯೆ, ಒಂದೇ ಕೈಯಲ್ಲಿ ನೀವು ಏನೇನು ಬದಲಾಯಿಸಬಹುದು ಅನ್ನುವುದು. ಒಂದೊಂದಾಗಿ ಮಾಡಿ ನೋಡಿ. ಒಂದು ಸ್ವರಮೇಳ ಒತ್ತಿ ಹಿಡಿದುಕೊಂಡೇ ಬೇರೆ ಸೌಂಡ್‌ಗೆ ಹೋಗಿ, ಹಳೆಯದು ಮೆಲ್ಲಗೆ ಮುಗಿಯುತ್ತಾ, ಕತ್ತರಿಸಿದಂತೆ ನಿಲ್ಲುತ್ತಾ? ಕತ್ತರಿಸಿದರೆ ಪ್ರತಿ ಬದಲಾವಣೆಯಲ್ಲೂ ಕೇಳುಗರಿಗೆ ಗೊತ್ತಾಗುತ್ತದೆ. ಟ್ರಾನ್ಸ್‌ಪೋಸ್, ಅಂದರೆ ಒತ್ತುವ ಕೀ ಅದೇ ಇಟ್ಟುಕೊಂಡು ಶ್ರುತಿ ಮೇಲೆ ಕೆಳಗೆ ಮಾಡುವುದು, ಒಂದೇ ಬಟನ್ನಿನಲ್ಲಿ ಆಗುತ್ತಾ, ಮೆನು ಒಳಗೆ ಇಳಿಯಬೇಕಾ? ಅದು ಆನ್ ಇದೆ ಅಂತ ದೀಪ ತೋರಿಸುತ್ತಾ? ಗಾಯಕರ ಜೊತೆ ನುಡಿಸುವವರಿಗೆ ಇದು ದಿನನಿತ್ಯದ ಕೆಲಸ, ಹಿಂದಿನ ಹಾಡಿನ ಟ್ರಾನ್ಸ್‌ಪೋಸ್ ಉಳಿದುಕೊಂಡು ಮುಂದಿನ ಹಾಡು ತಪ್ಪು ಶ್ರುತಿಯಲ್ಲಿ ಶುರುವಾಗುವುದು ಸ್ಟೇಜ್ ಮೇಲಿನ ಅತಿ ಸಾಮಾನ್ಯ ಅನಾಹುತ. ಈಕ್ಯೂ, ಅಂದರೆ ದಪ್ಪ ಮತ್ತು ತೆಳು ಸದ್ದಿನ ಹದ ಮಾಡುವ ನಾಬ್‌ಗಳು, ಪ್ಯಾನಲ್ ಮೇಲೇ ಇವೆಯಾ? ನಿಮ್ಮ ಸೌಂಡ್‌ಗಳನ್ನು ಹಾಡಿನ ಕ್ರಮದಲ್ಲಿ ಜೋಡಿಸಿಟ್ಟು ಒಂದೇ ಬಟನ್ ಅಥವಾ ಪೆಡಲ್‌ನಿಂದ ಮುಂದಕ್ಕೆ ಹೋಗಬಹುದಾ? ಬಿಸಿಲಿನಲ್ಲಿ ಸ್ಕ್ರೀನ್ ಕಾಣುತ್ತಾ?

ಇನ್ನೊಂದು, ಕರೆಂಟ್ ಹೋಗಿ ಬಂದರೆ ಎಷ್ಟು ಸೆಕೆಂಡಿಗೆ ಮತ್ತೆ ಸಿದ್ಧವಾಗುತ್ತದೆ ಅಂತ ಆಫ್ ಮಾಡಿ ಆನ್ ಮಾಡಿ ನೋಡಿ. ಕೆಲವು ಕೆಲವೇ ಸೆಕೆಂಡಿನಲ್ಲಿ ಏಳುತ್ತವೆ, ಕಂಪ್ಯೂಟರಿನಂತಿರುವ ದೊಡ್ಡ ವರ್ಕ್‌ಸ್ಟೇಷನ್‌ಗಳು ಬಹಳ ಹೊತ್ತು ತಗೊಳ್ಳುತ್ತವೆ.

ಲ್ಯಾಪ್‌ಟಾಪಿನಿಂದಲೇ ಸೌಂಡ್ ತೆಗೆಯುವವರು ಸ್ಟುಡಿಯೊಲಾಜಿಕ್ ಎಸ್‌ಎಲ್88ನಂಥ, ಒಳಗೆ ಸೌಂಡ್ ಇಲ್ಲದ ಕಂಟ್ರೋಲರ್ ಕೂಡ ನೋಡಬಹುದು. ಲ್ಯಾಪ್‌ಟಾಪ್ ನಿಂತರೆ ಇಡೀ ವಾದ್ಯ ನಿಲ್ಲುತ್ತದೆ ಅಲ್ವಾ? ಅದಕ್ಕೇ ಒಳಗೆ ಒಂದೇ ಒಂದು ಒಳ್ಳೆಯ ಪಿಯಾನೊ ಇದ್ದರೂ ಸಾಕು, ಸೌಂಡ್ ಇರುವ ವಾದ್ಯವನ್ನೇ ಲೈವ್‌ಗೆ ತಗೊಳ್ಳಿ ಅನ್ನುತ್ತೇನೆ.

7. ಸ್ಟ್ಯಾಂಡ್

ಹಣವನ್ನೆಲ್ಲ ವಾದ್ಯದ ಮೇಲೆ ಹಾಕಿ ಸ್ಟ್ಯಾಂಡ್‌ನಲ್ಲಿ ಉಳಿಸಬೇಡಿ. ಒಂದೇ ಪಟ್ಟಿಯ ಎಕ್ಸ್ ಆಕಾರದ ಸ್ಟ್ಯಾಂಡ್ ಮೇಲೆ 18 ಕೆಜಿ ವಾದ್ಯ ಇಟ್ಟು ಜೋರಾಗಿ ನುಡಿಸಿದರೆ ಅಲ್ಲಾಡುತ್ತದೆ, ಕೂತು ನುಡಿಸುವಾಗ ಮೊಣಕಾಲು ತಾಗುತ್ತದೆ, ಎತ್ತರ ಕಡಿಮೆ ಮಾಡಿದಷ್ಟೂ ಕಾಲುಗಳು ಅಗಲವಾಗಿ ಪೆಡಲಿಗೆ ಜಾಗ ಇರುವುದಿಲ್ಲ. ಮೇಜಿನಂತೆ ನಾಲ್ಕು ಕಾಲಿರುವುದು ಅಥವಾ ಝಡ್ ಆಕಾರದ್ದು ಒಳ್ಳೆಯದು. ಎಕ್ಸ್ ಬೇಕೇ ಬೇಕು ಅಂದರೆ ಎರಡು ಪಟ್ಟಿ ಇರುವುದು. ಮೊಣಕೈ ಮಡಚಿದಾಗ ಮುಂಗೈ ನೆಲಕ್ಕೆ ಸಮನಾಗಿ ಕೀಗಳ ಮೇಲೆ ಬರುವಷ್ಟು ಎತ್ತರ ಇಡಿ.

8. ಹಳೆಯ ವಾದ್ಯ ಕೊಳ್ಳುವಾಗ

ಸ್ಟೇಜ್ ಪಿಯಾನೊಗಳು ಬಳಸಿದ್ದು ಚೆನ್ನಾಗಿ ಸಿಗುತ್ತವೆ, ಹೆದರಬೇಕಿಲ್ಲ. ಆದರೆ ಎಲ್ಲ ಕೀಗಳನ್ನೂ ಒಂದೊಂದಾಗಿ ಮೂರು ರೀತಿ ಒತ್ತಿ: ಮೆಲ್ಲಗೆ, ಮಧ್ಯಮ, ಜೋರು. ಕೀಗಳ ಕೆಳಗೆ ರಬ್ಬರ್ ಕಾಂಟ್ಯಾಕ್ಟ್ ಪಟ್ಟಿಗಳಿರುತ್ತವೆ, ಅವು ಸವೆದರೆ ಅಥವಾ ಧೂಳು ಕೂತರೆ ಒಂದು ಕೀ ಮೆಲ್ಲಗೆ ಒತ್ತಿದರೂ ಪಟ್ಟನೆ ಜೋರಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಪಟ್ಟಿ ಬದಲಾಯಿಸಬಹುದು, ಆದರೆ ಆ ಮಾಡೆಲ್‌ಗೆ ಬಿಡಿಭಾಗ ಈಗಲೂ ಸಿಗುತ್ತಾ ಅಂತ ವಿಚಾರಿಸಿದ ಮೇಲೆ ಮಾತ್ರ ಕೊಳ್ಳಿ. ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ ವೆಲಾಸಿಟಿ ಅಂಕಿಗಳನ್ನು ನೋಡಿದರೆ ಕಿವಿಗೆ ತಪ್ಪಿದ್ದೂ ಕಣ್ಣಿಗೆ ಕಾಣುತ್ತದೆ.

ಸದ್ದು ಪೂರ್ತಿ ಕಡಿಮೆ ಮಾಡಿ ಕೀಗಳ ಶಬ್ದವನ್ನೂ ಕೇಳಿ. ಒಂದೆರಡು ಕೀ ಮಾತ್ರ ಟಕ್ ಟಕ್ ಅಂದರೆ ಒಳಗಿನ ಮೆತ್ತೆ ಹೋಗಿದೆ. ಸಾಕೆಟ್‌ಗಳಿಗೆ ವೈರ್ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಕರಕರ ಅಂದರೆ ಸೋಲ್ಡರ್ ಬಿಟ್ಟಿರಬಹುದು. ನಾಬ್, ಸ್ಲೈಡರ್ ಎಲ್ಲ ತಿರುಗಿಸಿ. ಅರ್ಧ ಗಂಟೆ ಆನ್ ಇಟ್ಟು ಆಮೇಲೆ ಮತ್ತೊಮ್ಮೆ ನುಡಿಸಿ, ಕೆಲವು ದೋಷಗಳು ಬಿಸಿಯಾದ ಮೇಲೆಯೇ ಕಾಣುವುದು.

9. ಮೊದಲ ಕಾರ್ಯಕ್ರಮದ ಮೊದಲು

ಹೊಸ ವಾದ್ಯವನ್ನು ನೇರ ಸ್ಟೇಜ್‌ಗೆ ತಗೊಂಡು ಹೋಗಬೇಡಿ. ತಾಲೀಮಿನಲ್ಲಿ ದೊಡ್ಡ ಸ್ಪೀಕರ್‌ಗೆ ಜೋಡಿಸಿ ನಿಮ್ಮ ಸೌಂಡ್‌ಗಳ ಮಟ್ಟ ಸಮ ಮಾಡಿ. ಪಿಯಾನೊದಿಂದ ಸಿಂತ್‌ಗೆ ಹೋದಾಗ ಸದ್ದು ಇದ್ದಕ್ಕಿದ್ದಂತೆ ಏರಿದರೆ ಸೌಂಡ್ ಇಂಜಿನಿಯರ್ ನಿಮ್ಮ ಚಾನಲ್ ಇಳಿಸಿಬಿಡುತ್ತಾರೆ, ಆಮೇಲೆ ನಿಮ್ಮ ಪಿಯಾನೊ ಯಾರಿಗೂ ಕೇಳುವುದಿಲ್ಲ. ಇದನ್ನು ಹೆಡ್‌ಫೋನ್‌ನಲ್ಲಿ ಸರಿಯಾಗಿ ಮಾಡಲು ಆಗುವುದಿಲ್ಲ.

ಸೌಂಡ್‌ಚೆಕ್‌ನಲ್ಲಿ ಕೀಬೋರ್ಡಿನ ಮಾಸ್ಟರ್ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಡಿ, ನಿಮ್ಮ ಅತಿ ಜೋರಿನ ಹಾಡನ್ನು ನುಡಿಸಿ ತೋರಿಸಿ, ಅತಿ ಮೆಲುವಾದದ್ದನ್ನೂ ತೋರಿಸಿ. ಆಮೇಲೆ ಆ ನಾಬ್ ಮುಟ್ಟಬೇಡಿ. ನಿಮಗೆ ನೀವು ಕೇಳದಿದ್ದರೆ ಮಾನಿಟರ್‌ನಲ್ಲಿ (ನಿಮ್ಮ ಕಡೆ ತಿರುಗಿಸಿಟ್ಟ ಸ್ಪೀಕರಿನಲ್ಲಿ) ಏರಿಸಿ ಅಂತ ಕೇಳಿ, ಯಾಕೆಂದರೆ ಕೇಳದಿದ್ದಾಗ ಕೈ ತಾನಾಗಿ ಗುದ್ದಲು ಶುರು ಮಾಡುತ್ತದೆ. ಎಲ್ಲ ಸೆಟ್ಟಿಂಗ್‌ಗಳನ್ನು ಯುಎಸ್‌ಬಿ ಡ್ರೈವ್‌ಗೆ ಅಥವಾ ಲ್ಯಾಪ್‌ಟಾಪಿಗೆ ಉಳಿಸಿಕೊಳ್ಳಿ. ಬ್ಯಾಗಿನಲ್ಲಿ ಎರಡು ಹೆಚ್ಚುವರಿ ಜ್ಯಾಕ್ ವೈರ್, ಒಂದು ಹೆಚ್ಚುವರಿ ಸಸ್ಟೇನ್ ಪೆಡಲ್, ಪೆಡಲ್ ಜಾರದಂತೆ ನೆಲಕ್ಕೆ ಅಂಟಿಸಲು ಒಂದು ಗಟ್ಟಿ ಟೇಪ್ ಇರಲಿ.